ಒಂದೇ ಉಸಿರಿನಲ್ಲಿ ಎಣಿಸಿದ ದಿನಗಳು

ಮದುವೆ ಮನೆಯವರ ಜಂಪರಿಗೆ ತೋಳು ಕೂಡಿಸುತ್ತಿದ್ದೆ. ಓಡುತ್ತಿದ್ದ ಹೊಲಿಗೆ ಯಂತ್ರ ತಟ್ಟನೆ ನಿಂತಿತು. ದಾರ ಸಿಕ್ಕಿರಬೇಕೆಂದು ಸೂಜಿ ಎತ್ತಿ ನೋಡಿದೆ. ದಾರ ಸರಿಯಾಗಿಯೇ ಇತ್ತು. ಬಗ್ಗಿ ನೋಡಿದರೆ ನನ್ನ ಬಲಗಾಲು ಪೆಡಲಿನಿಂದ ಜಾರಿ ನೆಲದ ಮೇಲಿತ್ತು. ಜಾರಿದ್ದು ನನಗೆ ತಿಳಿದೇ ಇರಲಿಲ್ಲ.

ಕಾಲೆತ್ತಿ ಮತ್ತೆ ಪೆಡಲಿನ ಮೇಲಿಟ್ಟೆ. ಅರಿವೆಯ ಗಂಟಿನ ಮೇಲೆ ಇಟ್ಟ ಹಾಗಾಯಿತು. ಜೋಮು ಹಿಡಿದಿದೆ ಅಂದುಕೊಂಡೆ. ಶಹಾಪುರದ ನಮ್ಮ ಓಣಿಯಲ್ಲಿ ಹದಿನೈದು ವರ್ಷದಿಂದ ಹೊಲಿಗೆ ಮಾಡುತ್ತಿದ್ದೇನೆ, ಜೋಮು ನನಗೇನು ಹೊಸದಲ್ಲ. ಕಾಲು ಝಾಡಿಸಿ, ಸ್ವಲ್ಪ ತಿಕ್ಕಿ, ಆ ತೋಳು ಮುಗಿಸಿಯೇ ಎದ್ದೆ. ಸಂಜೆಯ ಹೊತ್ತಿಗೆ ಎರಡೂ ಪಾದ ಹಾಗೇ ಆಗಿದ್ದವು.

ನಮ್ಮ ಮನೆಯಲ್ಲಿ ನಾಲ್ಕು ಜನ. ನನ್ನ ಗಂಡ ಶರಣಪ್ಪ, ಕಿರಾಣಿ ಅಂಗಡಿ ಇಟ್ಟಿದ್ದಾರೆ. ಮಗಳು ಅಕ್ಷತಾ ಆಗ ಹತ್ತನೇ ತರಗತಿ. ಅತ್ತೆ ನಾಗಮ್ಮನವರು. ಅತ್ತೆಯ ಬಾಯಲ್ಲಿ ಯಾವಾಗಲೂ ಶಿವನ ಹೆಸರು. ಹಂಚಿಗೆ ರೊಟ್ಟಿ ಹಾಕುವಾಗ ಶಿವಾ, ಕೊಡ ಎತ್ತುವಾಗ ಶಿವಾ, ಬಾಗಿಲ ಚಿಲಕ ತೆಗೆಯುವಾಗಲೂ ಶಿವಾ. ಮದುವೆಯಾದ ಹೊಸದರಲ್ಲಿ ನನಗೆ ಅದು ನಗು ತರಿಸುತ್ತಿತ್ತು, ಆಮೇಲೆ ಕಿರಿಕಿರಿ. ನನ್ನ ಕೊರಳಲ್ಲೂ ಲಿಂಗವಿತ್ತು. ಬೆಳಿಗ್ಗೆ ಸ್ನಾನ ಮಾಡಿ ಎರಡು ನಿಮಿಷ ಅಂಗೈಯಲ್ಲಿ ಹಿಡಿಯುತ್ತಿದ್ದೆ. ಕೈಯಲ್ಲಿ ಲಿಂಗ, ತಲೆಯಲ್ಲಿ ಅವತ್ತು ಮುಗಿಸಬೇಕಾದ ಬಟ್ಟೆಗಳು. ದೇವರ ಜೊತೆ ನನ್ನ ವ್ಯವಹಾರ ಅಷ್ಟೇ ಇತ್ತು.

ಮರುದಿನ ಬೆರಳ ತುದಿಗಳೂ ಮಂದವಾದವು. ಸೂಜಿಗೆ ದಾರ ಪೋಣಿಸಲು ಅಕ್ಷತಾಳನ್ನು ಕರೆಯಬೇಕಾಯಿತು. ಊರಿನ ಒಬ್ಬ ಡಾಕ್ಟರ ಹತ್ತಿರ ಹೋದೆವು. ಅವರು ನಿಶ್ಶಕ್ತಿ ಅಂದು ಸೂಜಿ ಮಾಡಿ ಕಳಿಸಿದರು. ಹದಿನೈದು ದಿನದ ಹಿಂದೆ ಹೊಟ್ಟೆ ಕೆಟ್ಟು ಮಲಗಿದ್ದೆನಲ್ಲ, ಅದರದ್ದೇ ಸುಸ್ತು ಎಂದು ನಾವೂ ನಂಬಿದೆವು. ಮೂರನೆಯ ದಿನ ಬೆಳಿಗ್ಗೆ ಬಚ್ಚಲಲ್ಲಿ ಕುಳಿತವಳಿಗೆ ಏಳಲು ಆಗಲಿಲ್ಲ. ಕಾಲಿಗೆ ಏಳು ಅಂದರೆ ಅದಕ್ಕೆ ಕೇಳಿಸುತ್ತಿರಲಿಲ್ಲ. ಹಂಡೆಯ ಅಂಚು ಹಿಡಿಯಲು ಹೋದೆ, ಬೆರಳುಗಳು ಮಡಚಲಿಲ್ಲ.

"ಅತ್ತೀ!" ಎಂದು ಕೂಗಿದೆ. ಬಾಗಿಲಿಗೆ ಒಳಗಿನಿಂದ ಕೊಂಡಿ ಹಾಕಿದ್ದೆ. ಗಂಡ ಅದನ್ನು ಒದ್ದು ಮುರಿದು ನನ್ನನ್ನು ಎತ್ತಿ ತಂದು ಪಡಸಾಲೆಯಲ್ಲಿ ಮಲಗಿಸಿದರು. ಒದ್ದೆ ಸೀರೆಯಲ್ಲಿ ಮಲಗಿದ್ದ ನನ್ನ ಎದುರಿಗೇ ತಾಯಿ ಮಗನ ಜಗಳ ಶುರುವಾಯಿತು.

"ಎವ್ವಾ, ಇದು ದವಾಖಾನಿ ಬ್ಯಾನಿ ಅಲ್ಲ. ನಿನ್ನಿತನ ಅಡ್ಡಾಡಾಕಿ ಇವತ್ತ ಕಾಲ ಬಿದ್ದಾವಂದ್ರ ಏನರ್ಥ? ಯಾರೋ ಮಾಟ ಮಾಡಿಸ್ಯಾರ. ಸುರಪುರದ ಕಡಿ ಒಬ್ಬಾವ ಮೈಮ್ಯಾಲ ದೇವರ ಬಂದು ಹೇಳಿಕಿ ಹೇಳ್ತಾನಂತ, ಅಲ್ಲಿಗಿ ಒಯ್ತೀನಿ," ಅಂದರು ನನ್ನ ಗಂಡ. ಅವರು ದಡ್ಡರಲ್ಲ, ಹೆದರಿದ್ದರು.

ಅತ್ತೆ ಹೂಂ ಅನ್ನುತ್ತಾರೆ ಎಂದೇ ನಾನು ತಿಳಿದೆ. ಮನೆಯಲ್ಲಿ ಅಷ್ಟು ದೈವಭಕ್ತಿ ಇದ್ದದ್ದು ಅವರೊಬ್ಬರಿಗೇ. ಅವರು ನನ್ನ ಪಾದವನ್ನು ಕೈಯಲ್ಲಿ ಹಿಡಿದು ಬೆರಳುಗಳನ್ನು ಒಂದೊಂದಾಗಿ ಒತ್ತಿದರು. "ತಿಳೀತದೇನ?" ಅಂದರು. ಇಲ್ಲ ಅಂದೆ. ಮೊಣಕಾಲಿನ ತನಕ ಒತ್ತುತ್ತ ಬಂದರು. ತೊಡೆಯ ನಡುವೆ ಬಂದಾಗ ಸ್ವಲ್ಪ ತಿಳಿಯಿತು.

"ಶರಣು, ಟಂಟಂ ಆಟೋ ಕರಿ. ಯಾದಗಿರಿಗಿ ದೊಡ್ಡ ದವಾಖಾನಿಗಿ ನಡಿ," ಅಂದರು.

"ಎವ್ವಾ, ದೇವರ..."

"ದೇವರು ಎಲ್ಲಿಗೂ ಓಡಿ ಹೋಗಂಗಿಲ್ಲ. ಇದು ಮ್ಯಾಲ ಏರಾಕತ್ತದ. ಜಲ್ದಿ ನಡಿ."

ದೋರನಹಳ್ಳಿ ದಾಟುವಾಗ ನೀರು ಕುಡಿಯಲು ಹೋಗಿ ನೆತ್ತಿಗೇರಿತು. ಎಷ್ಟು ಕೆಮ್ಮಿದರೂ ಕೆಮ್ಮಿನಲ್ಲಿ ಬಲವೇ ಇರಲಿಲ್ಲ. ಭೀಮಾ ನದಿಯ ಸೇತುವೆ ಬಂತು. ಅತ್ತೆ ಆ ಸೇತುವೆ ಮೇಲೆ ಕೈ ಮುಗಿಯದೆ ಒಮ್ಮೆಯೂ ದಾಟಿದವರಲ್ಲ. ಅವತ್ತು ಅವರು ಹೊಳೆಯ ಕಡೆ ನೋಡಲೇ ಇಲ್ಲ. ಅವರ ಅಂಗೈ ನನ್ನ ಎದೆಯ ಮೇಲಿತ್ತು. ಉಸಿರಾಡುತ್ತಿದ್ದೇನೋ ಇಲ್ಲವೋ ಎಂದು ನೋಡುತ್ತಿದ್ದರೆಂದು ಆಮೇಲೆ ತಿಳಿಯಿತು.

ಯಾದಗಿರಿಯ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ್ದು ವಯಸ್ಸಿನಲ್ಲಿ ಸಣ್ಣವರಾದ ಡಾಕ್ಟರಮ್ಮ. ರಬ್ಬರಿನ ಸುತ್ತಿಗೆಯಿಂದ ಮೊಣಕಾಲು ಬಡಿದರು, ಕಾಲು ಜಿಗಿಯಲಿಲ್ಲ. ಇನ್ನೊಂದನ್ನು ಬಡಿದರು, ಅದೂ ಇಲ್ಲ. ಅವರ ಮುಖ ಬದಲಾದದ್ದನ್ನು ನೋಡಿದೆ.

"ಅಮ್ಮ, ಉದ್ದಕ್ಕೆ ಉಸಿರು ತಗೊಳ್ಳಿ. ಬಿಡದೆ, ಒಂದೇ ಉಸಿರಿನಲ್ಲಿ ಎಣಿಸ್ತಾ ಹೋಗಿ. ಒಂದು, ಎರಡು, ಮೂರು... ಎಲ್ಲೀತನಕ ಆಗುತ್ತೋ ಅಲ್ಲೀತನಕ."

ಇಪ್ಪತ್ತಾರಕ್ಕೆ ಉಸಿರು ಮುಗಿಯಿತು. ಅವರು ಹಾಳೆಯಲ್ಲಿ ಬರೆದುಕೊಂಡರು.

ಅವರು ಹೇಳಿದ ರೋಗದ ಹೆಸರು ಜಿಬಿಎಸ್. ಹೊಟ್ಟೆ ಕೆಟ್ಟಾಗಿನ ಸೋಂಕಿನೊಂದಿಗೆ ಹೋರಾಡಲು ಹುಟ್ಟಿದ ಶಕ್ತಿ ತಪ್ಪಿ ತನ್ನದೇ ನರಗಳ ಮೇಲೆ ಬಿದ್ದಿದೆ, ಕಾಲಿನಿಂದ ಮೇಲಕ್ಕೆ ಏರುತ್ತಿದೆ ಅಂದರು. ಐದು ದಿನ ಔಷಧದ ಬಾಟಲಿ ಏರಿಸುತ್ತೇವೆ, ಬಹಳ ಜನ ಗುಣವಾಗುತ್ತಾರೆ, ಆದರೆ ಅದು ನಿಲ್ಲುವ ಮುಂಚೆ ಎಲ್ಲಿಯ ತನಕ ಏರುತ್ತದೆ ಎಂದು ಹೇಳಲು ಆಗುವುದಿಲ್ಲ. ಅಷ್ಟೇ. ನನ್ನ ಗಂಡ ಕೇಳಿದರು, "ಉಸಿರಿಗಿ ಬಂದ್ರ?"

"ಬಂದ್ರೆ ಮಷೀನ್ ಇದೆ. ಅದಕ್ಕೇ ಎಣಿಸೋಕೆ ಹೇಳ್ತಿರೋದು."

ಎರಡು ತಾಸಿಗೊಮ್ಮೆ ನರ್ಸ್ ಬಂದು ಎಣಿಸಿ ಅನ್ನುತ್ತಿದ್ದಳು. ಮಧ್ಯಾಹ್ನ ಇಪ್ಪತ್ತಮೂರು. ಚಹಾದ ಹೊತ್ತಿಗೆ ಇಪ್ಪತ್ತು. ಮರುದಿನ ಬೆಳಿಗ್ಗೆ ಹದಿನೇಳು. ಜಾಸ್ತಿ ಹೇಳಬೇಕೆಂದು ವೇಗವಾಗಿ ಎಣಿಸಿ ಮೋಸ ಮಾಡಲು ನೋಡಿದೆ. ನರ್ಸ್ ನಕ್ಕು, "ಸಾವಕಾಶ ಅಮ್ಮ, ರೇಸ್ ಅಲ್ಲ ಇದು" ಅಂದಳು. ಅತ್ತೆಗೆ ಓದು ಬರಹ ಬಾರದು. ಅವರು ನನ್ನ ಪಕ್ಕ ಕುಳಿತು, ನಾನು ಒಂದೊಂದು ಅಂಕಿ ಹೇಳಿದಂತೆ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಸರಿಸುತ್ತಿದ್ದರು. ಕೈ ಎಲ್ಲಿ ನಿಂತಿತು ಎಂದು ನಾನು ಕದ್ದು ನೋಡುತ್ತಿದ್ದೆ. ಪ್ರತಿ ಸಲವೂ ಅದು ಮೊದಲಿಗಿಂತ ಹಿಂದೆಯೇ ನಿಲ್ಲುತ್ತಿತ್ತು.

ಎರಡನೆಯ ದಿನ ಮಧ್ಯಾಹ್ನ ಎಣಿಕೆ ಹನ್ನೆರಡಕ್ಕೆ ನಿಂತಿತು. ಆ ಹೊತ್ತಿಗೆ ಕೈಗಳೂ ಹೋಗಿದ್ದವು. ಎಂಜಲು ನುಂಗಲು ಕಷ್ಟ. ಮುಖದ ಒಂದು ಬದಿ ಜೋತು ಬಿದ್ದಿತ್ತು. ನನ್ನ ಸಿಟ್ಟೆಲ್ಲ ಅತ್ತೆಯ ಮೇಲೆ ಹರಿಯಿತು. ಅವರೊಬ್ಬರೇ ಪಕ್ಕದಲ್ಲಿದ್ದರಲ್ಲ.

"ದಿನಾ ಶಿವಾ ಶಿವಾ ಅಂತಿದ್ರಿ," ತೊದಲುತ್ತ ಅಂದೆ. "ಈಗ ಎಲ್ಲಿ ಹೋಗ್ಯಾನ ನಿಮ್ಮ ಶಿವ?"

ಅವರು ಬೈಯಬಹುದಿತ್ತು. ಕರ್ಮ ಅನ್ನಬಹುದಿತ್ತು. ಪರೀಕ್ಷೆ ಮಾಡುತ್ತಿದ್ದಾನೆ ಅನ್ನಬಹುದಿತ್ತು. ನೋಡಲು ಬಂದ ಬಂಧುಗಳೆಲ್ಲ ಅದನ್ನೇ ಹೇಳಿ ಹೋಗಿದ್ದರು. ಅತ್ತೆ ನನ್ನ ತುಟಿಯ ಅಂಚಿನ ಜೊಲ್ಲನ್ನು ಸೆರಗಿನಿಂದ ಒರೆಸಿದರು.

"ಗೊತ್ತಿಲ್ಲವ್ವ," ಅಂದರು.

ಈಕೆಗೂ ಗೊತ್ತಿಲ್ಲವೆಂದರೆ ನಾನು ಯಾರ ಧೈರ್ಯ ನಂಬಿ ಇರಲಿ? ಅವರು ಮತ್ತೆ ಅಂದರು, "ನರ್ಸವ್ವ ಬರಾಕತ್ಯಾಳ. ಎಣಸು. ನಾ ಹಿಡೀತೀನಿ." ಹೆಬ್ಬೆರಳನ್ನು ಕಿರುಬೆರಳ ಬುಡಕ್ಕೆ ಇಟ್ಟು ಕಾದರು.

ಎಂಟು.

ಡಾಕ್ಟರಮ್ಮ ಓಡಿ ಬಂದರು. ಇನ್ನು ಕಾಯುವುದು ಬೇಡ ಅಂದರು. ಹಾಸಿಗೆಯನ್ನು ಐಸಿಯು ಕಡೆ ತಳ್ಳಿಕೊಂಡು ಹೊರಟಾಗ ಅಕ್ಷತಾ ಜೊತೆಗೇ ಓಡುತ್ತಿದ್ದಳು. "ಅವ್ವಾ, ಬಾಯಾಗ ನಳಗಿ ಇರ್ತದಂತ, ಮಾತಾಡಾಕ ಬರಂಗಿಲ್ಲಂತ. ಹೌದು ಅಂದ್ರ ಮ್ಯಾಲ ನೋಡು. ಇಲ್ಲ ಅಂದ್ರ ಕೆಳಗ ನೋಡು. ತಿಳೀತಾ?" ನಾನು ಮೇಲೆ ನೋಡಿದೆ. ಬಾಗಿಲು ಮುಚ್ಚಿತು.

ಆಮೇಲಿನ ಹದಿಮೂರು ದಿನ ನಾನು ಉಸಿರಾಡಲಿಲ್ಲ. ಯಂತ್ರ ನನ್ನನ್ನು ಉಸಿರಾಡಿಸಿತು. ಈ ಕಾಯಿಲೆ ಬಂದವರಿಗೆ ಮತ್ತು ಅವರ ಮನೆಯವರಿಗೆ ಒಂದು ಮಾತು ಹೇಳಬೇಕಾಗಿದೆ. ಒಳಗಿರುವವರಿಗೆ ಎಲ್ಲ ಕೇಳಿಸುತ್ತಿರುತ್ತದೆ. ಎಲ್ಲವೂ ತಿಳಿಯುತ್ತದೆ. ಮೈ ಕಲ್ಲಾಗಿದ್ದರೂ ನೋವು ಹೋಗಿರುವುದಿಲ್ಲ, ಬೆನ್ನು ಮುರಿದಂತೆ ನೋಯುತ್ತದೆ. ನನ್ನ ಹಾಸಿಗೆಯ ಪಕ್ಕ ನಿಂತು ಒಬ್ಬರು ಇನ್ನೊಬ್ಬರಿಗೆ, "ಈ ಪೇಷಂಟ್ ಉಳೀತಾಳೇನು?" ಎಂದು ಕೇಳಿದ್ದು ನನಗೆ ಕೇಳಿಸಿತ್ತು. ಕೆಳಗೆ ನೋಡಿದೆ, ಮೇಲೆ ನೋಡಿದೆ. ಅವರು ನನ್ನ ಕಣ್ಣು ನೋಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ನೊಣವೊಂದು ಮೂಗಿನ ಮೇಲೆ ಕುಳಿತಿತು. ನೊಣದ ಕಾಲು ಅಷ್ಟು ಭಾರ ಇರುತ್ತದೆಂದು ಯಾರಿಗೆ ಗೊತ್ತು? ಅದು ಕೆನ್ನೆಗೆ ಬಂತು. ಕಣ್ಣಿನ ಅಂಚಿಗೆ ಬಂತು. ನನ್ನ ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ. ಬರುವ ದಿನಗಳೆಲ್ಲ ಹೀಗೇ ಇದ್ದರೆ, ಒಂದು ನೊಣ ಓಡಿಸಲೂ ಆಗದಂತೆ ಇದ್ದರೆ ಎಂದು ಮೊದಲ ಸಲ ನಿಜವಾಗಿ ಹೆದರಿದೆ. ದೇವರನ್ನು ಕರೆದೆ. ಒಂದು ಗುರುತು ಕೊಡು ಅಂದೆ. ಏನೂ ಬರಲಿಲ್ಲ. ಛಾವಣಿಯ ಬಿಳಿ ಹಲಗೆಯ ಮೇಲೆ ಕಂದು ಬಣ್ಣದ ಒಂದು ಕಲೆ ಇತ್ತು, ಅದು ಕಲೆಯಾಗಿಯೇ ಉಳಿಯಿತು.

ನೊಣ ಓಡಿಸಿದ್ದು ನೆಲ ಒರೆಸುವ ಹುಸೇನಬಿ. ಐವತ್ತು ದಾಟಿದ ಹೆಂಗಸು, ನೀಲಿ ಅಂಗಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. "ಹತ್, ಹೋಗು ಆಕಡಿ!" ಎಂದು ನೊಣವನ್ನು ಬೈದು, ನನ್ನ ಮುಖ ನೋಡಿ, "ಪರೇಶಾನ್ ಮಾಡ್ತಲ್ಲಮ್ಮ ನಿನಗ" ಅಂದಳು. ನನ್ನ ಜೊತೆ ಮಾತಾಡಿದಳು. ಹಸಿ ಅರಿವೆಯಿಂದ ಹಣೆ ಒರೆಸಿದಳು. ಆಮೇಲಿನ ದಿನಗಳಲ್ಲಿ ಬಕೆಟ್ಟಿನ ಹಿಡಿಕೆಯ ಕಿರ್ ಸದ್ದು ಬಂದರೆ ನನಗೆ ಬೆಳಗಾಯಿತು ಎಂದರ್ಥ.

ಆರನೆಯದೋ ಏಳನೆಯದೋ ದಿನದ ಬೆಳಿಗ್ಗೆ. ಎದುರಿನ ಹಾಸಿಗೆಯ ರೋಗಿಗೆ ಏನೋ ಆಗಿ, ಇದ್ದ ಇಬ್ಬರು ನರ್ಸುಗಳೂ ಡಾಕ್ಟರೂ ಅಲ್ಲಿ ಸೇರಿದ್ದರು. ಆ ರೋಗಿಯ ಯಂತ್ರ ಒಂದೇ ಸಮನೆ ಕೂಗುತ್ತಿತ್ತು. ಆಗ ನನ್ನ ಬಾಯಿಯ ನಳಿಗೆಗೆ ಸೇರಿದ್ದ ಪ್ಲಾಸ್ಟಿಕ್ ಪೈಪು, ಒಳಗೆ ನಿಂತ ನೀರಿನ ಭಾರಕ್ಕೋ ಏನೋ, ಜಾರಿ ಕಳಚಿತು. ಅದು ಎದೆಯ ಮೇಲೆ ಬಿದ್ದು ಸುಯ್ ಎಂದು ಗಾಳಿ ಚೆಲ್ಲತೊಡಗಿತು. ನನ್ನ ಗಾಳಿ ಅದು. ಒಂದು ಗೇಣು ದೂರದಲ್ಲಿತ್ತು.

ನನ್ನ ಯಂತ್ರವೂ ಕೂಗಿತು. ಎರಡು ಕೂಗು ಒಂದಾದವು, ಯಾರಿಗೂ ಬೇರೆ ಅನ್ನಿಸಲಿಲ್ಲ. ಎದೆ ಏಳುತ್ತಿಲ್ಲ. ಕೈ ಇಲ್ಲ, ದನಿ ಇಲ್ಲ. ಇದ್ದದ್ದು ಕಣ್ಣು ಮಾತ್ರ. ಎಣಿಸತೊಡಗಿದೆ. ಒಂದು, ಎರಡು, ಮೂರು. ಉಸಿರಿಲ್ಲದೆ ಎಣಿಸುತ್ತಿದ್ದೆ. ಒಂಬತ್ತು, ಹತ್ತು. ಅತ್ತೆಯ ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಸರಿಯುವುದು ಕಣ್ಣ ಮುಂದೆ ಬಂತು. ಇಪ್ಪತ್ತರ ಹೊತ್ತಿಗೆ ಎದೆಯೊಳಗೆ ಬೆಂಕಿ. ದೀಪಗಳ ಅಂಚು ಕಪ್ಪಾಗುತ್ತ ಬಂತು. ಅಕ್ಷತಾಳ ಪರೀಕ್ಷೆ ಯಾವಾಗ ಎಂದು ನೆನಪಾಗಲಿಲ್ಲ. ಅದಕ್ಕೆ ಬಹಳ ದುಃಖವಾಯಿತು. ಮೂವತ್ತೊಂದು, ಮೂವತ್ತೆರಡು.

ಬಕೆಟ್ಟು ಉರುಳಿದ ಸದ್ದಾಯಿತು.

"ಸಿಸ್ಟರ್! ಇಕಿ ಕಣ್ಣ ನೋಡ್ರಿ! ಸಿಸ್ಟರ್, ಪೈಪ ಬಿದ್ದದ!"

ಹುಸೇನಬಿ ಕೂಗುತ್ತಲೇ ಒಂದು ಕೈಯಿಂದ ಪೈಪು ಎತ್ತಿ ಹಿಡಿದು, ಇನ್ನೊಂದು ಕೈ ನನ್ನ ಹಣೆಯ ಮೇಲೆ ಇಟ್ಟಳು. ನರ್ಸ್ ಹಾರಿ ಬಂದು ಪೈಪು ಸೇರಿಸಿದಳು. ಗಾಳಿ ಒಳಗೆ ಬಂತು. ಎದೆ ಎದ್ದಿತು. ಡಾಕ್ಟರು ಬಂದು, ಯಂತ್ರದ ತೆರೆಯ ಮೇಲಿನ ಅಂಕಿ ನೋಡಿ, ಸರಿಯಿದೆ ಎಂದು ಎದುರಿನ ಹಾಸಿಗೆಗೆ ಮರಳಿದರು. ಹುಸೇನಬಿ ಕೈ ತೆಗೆಯಲಿಲ್ಲ. ಚೆಲ್ಲಿದ ನೀರಿನಲ್ಲಿ ನಿಂತೇ ಇದ್ದಳು. "ಆತು, ಆತು. ನಾ ಇದೀನಲ್ಲ" ಅನ್ನುತ್ತಿದ್ದಳು. ಆ ಕೈ ಫಿನೈಲಿನ ವಾಸನೆ ಹೊಡೆಯುತ್ತಿತ್ತು, ಒರಟಾಗಿತ್ತು, ಒದ್ದೆಯಾಗಿತ್ತು.

ನಾನು ಕೇಳಿದ ಗುರುತು ಬಂದಿತೋ ಇಲ್ಲವೋ ಎಂದು ವಾದಿಸಲು ನನಗೆ ಬರುವುದಿಲ್ಲ. ಇಷ್ಟು ಹೇಳಬಲ್ಲೆ. ಆ ಕೈ ಹಣೆಯ ಮೇಲಿದ್ದಷ್ಟು ಹೊತ್ತು ನಾನು ಯಾರನ್ನೂ ಕರೆಯಲಿಲ್ಲ. ಕರೆಯುವ ಅಗತ್ಯ ಬೀಳಲಿಲ್ಲ. ಇವತ್ತಿಗೂ ಯಾರ ಮನೆಯಲ್ಲಾದರೂ ಫಿನೈಲಿನ ವಾಸನೆ ಬಂದರೆ ನನ್ನ ಮೈ ತಾನಾಗಿ ಶಾಂತವಾಗುತ್ತದೆ. ವಿಭೂತಿಯ ವಾಸನೆಗೂ ನನಗೆ ಹಾಗಾಗಿದ್ದಿಲ್ಲ.

ಕಾಯಿಲೆ ಏರಿದ ಹಾಗೆಯೇ ಇಳಿಯಿತು, ಆದರೆ ನೂರು ಪಟ್ಟು ನಿಧಾನವಾಗಿ. ಮೊದಲು ಭುಜ ಸ್ವಲ್ಪ ಅಲುಗಿತು. ಯಂತ್ರವನ್ನು ಅರ್ಧ ತಾಸು ನಿಲ್ಲಿಸಿ ನೋಡಿದರು, ಆಮೇಲೆ ಒಂದು ತಾಸು. ಪ್ರತಿ ಸಲವೂ ಮತ್ತೆ ಹಚ್ಚಿದರೆ ಸೋತೆನೆಂಬ ಭಯ. ಹದಿಮೂರನೆಯ ದಿನ ನಳಿಗೆ ತೆಗೆದರು. ಗಂಟಲು ಹರಿದ ಹಾಗಿತ್ತು. ಐದು ನಿಮಿಷ ಒಳಗೆ ಬಿಟ್ಟಾಗ ಅತ್ತೆ ಬಂದು ಹತ್ತಿರ ಬಾಗಿದರು. ಅವರಿಗೆ ಏನೇನೋ ಹೇಳಬೇಕೆಂದಿತ್ತು. ಗಾಳಿಯಂಥ ದನಿಯಲ್ಲಿ ಹೊರಟದ್ದು ಒಂದೇ ಮಾತು, "ತಪ್ಪಾತ್ರಿ."

"ಏನ ತಪ್ಪು?"

"ಶಿವ ಎಲ್ಲಿ ಅಂದಿದ್ದೆ."

ಅವರು ಹಿಂದೆ ಮುಂದೆ ನೋಡಿದರು, ಯಾರಾದರೂ ಕೇಳಿಯಾರು ಎನ್ನುವಂತೆ. "ನೀ ಕೇಳಿದ್ದು ಖರೇನೇ ಇತ್ತವ್ವ. ನಿನ್ನ ಒಳಗ ಒಯ್ದ ದಿನ ಪೂಜಿಗಿ ಕುಂತೆ. ಮಂತ್ರ ನೆನಪಿಗಿ ಬರವಲ್ದು. ಅರವತ್ತ ವರ್ಷ ಅಂದ ಮಂತ್ರ! ಕೈ ಥರಥರ ನಡಗತಿತ್ತು. ಲಿಂಗ ಎಲ್ಲಿ ಬೀಳಿಸ್ತೀನೋ ಅಂತ ಕಟ್ಟಿ ಇಟ್ಟೆ. ನಿನ್ನ ಮಗಳಿಗಿ ಹೇಳಬ್ಯಾಡ."

"ಮತ್ತ ಏನ ಮಾಡಿದ್ರಿ ಇಷ್ಟ ದಿನ?"

"ಏನ ಮಾಡ್ಲಿ? ಹೊರಗ ವರಾಂಡದಾಗ ಮಂದಿ ಕುಂತಿತ್ತು. ಯಾರದೋ ಗಂಡ, ಯಾರದೋ ಕೂಸು. ಯಾರೂ ಬಾಗಲ ಬಿಟ್ಟ ಏಳವಲ್ರು, ಎಲ್ಲಿ ಹೆಸರ ಹಿಡದ ಕರೀತಾರೋ ಅಂತ. ಅವರ ಬಾಟ್ಲಿ ಒಯ್ದು ನೀರ ತುಂಬಿ ತಂದ ಕೊಟ್ಟೆ. ದಿನಾ ಅದೇ. ಮೂರನೇ ದಿನ ನಳದ ಮುಂದ ನಿಂತಾಗ ಮಂತ್ರ ತಾನ ಬಂತು."

ಮದುವೆಯಾಗಿ ಹದಿನೆಂಟು ವರ್ಷಕ್ಕೆ ಅತ್ತೆ ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು. ನರ್ಸ್ ಬಂದು ಟೈಮಾಯಿತು ಅಂದಳು.

ಮನೆಗೆ ಬಂದ ಮೇಲೂ ಸುಲಭವಿರಲಿಲ್ಲ. ಎರಡು ತಿಂಗಳು ಅತ್ತೆ ನನಗೆ ಸ್ನಾನ ಮಾಡಿಸಿದರು. ಎದೆ ಮುಚ್ಚಿಕೊಳ್ಳಲೂ ಕೈ ಏಳದೆ ನಾಚಿಕೆಯಿಂದ ಅತ್ತಿದ್ದೇನೆ. ಗಂಡ ಅಂಗಡಿ ಮುಚ್ಚಿ ಬಂದು ದಿನವೂ ನನ್ನ ಕಾಲು ಮಡಚಿ ಬಿಡಿಸುತ್ತಿದ್ದರು. ಸುರಪುರದ ಹೇಳಿಕೆಯವನ ಮಾತು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಒಮ್ಮೆ ಅವರೇ ನನ್ನ ಮಂಡಿ ಹಿಡಿದುಕೊಂಡು, "ಅವ್ವ ಇರದಿದ್ರ ನಾ ನಿನ್ನ ಕೊಂದಬಿಡ್ತಿದ್ದೆ" ಅಂದು ಎದ್ದು ಹೊರಗೆ ಹೋದರು. ತುತ್ತನ್ನು ನಾನೇ ಬಾಯಿಗೆ ಒಯ್ದ ದಿನ ಅರ್ಧ ಅನ್ನ ಮಡಿಲಲ್ಲಿ ಬಿದ್ದಿತ್ತು. ಅಕ್ಷತಾ ಓಣಿಯವರನ್ನೆಲ್ಲ ಕರೆದು ತೋರಿಸಿದಳು. ಈಗ ಕೋಲು ಹಿಡಿದು ನಡೆಯುತ್ತೇನೆ. ಪಾದಗಳಿಗೆ ಇನ್ನೂ ಪೂರ್ತಿ ಅರಿವು ಬಂದಿಲ್ಲ, ಬರಲಿಕ್ಕಿಲ್ಲವೆಂದೂ ಡಾಕ್ಟರಮ್ಮ ಹೇಳಿದ್ದಾರೆ. ಮಳೆಗಾಲದ ಸಣ್ಣ ಜ್ವರಕ್ಕೂ ಬೆಚ್ಚಿ ಬಿದ್ದು ಬೆರಳ ತುದಿ ಒತ್ತಿ ನೋಡಿಕೊಳ್ಳುತ್ತೇನೆ. ಆ ಹೆದರಿಕೆ ಹೋಗಿಲ್ಲ.

ವರ್ಷದ ಮೇಲೆ, ತಪಾಸಣೆಗೆಂದು ಯಾದಗಿರಿಗೆ ಹೋದಾಗ ಹುಸೇನಬಿಯನ್ನು ಹುಡುಕಿದೆ. ನಾನೇ ಹೊಲಿದ ಒಂದು ಜಂಪರು ಜೊತೆಗೆ ಒಯ್ದಿದ್ದೆ. ಕೈ ನಡುಗಿ ಹೊಲಿಗೆ ಅಲ್ಲಲ್ಲಿ ಸೊಟ್ಟಗಾಗಿತ್ತು. ಆಕೆ ಐಸಿಯು ಬಾಗಿಲಿನಿಂದ ಬಕೆಟ್ಟು ಹಿಡಿದು ಹೊರಗೆ ಬಂದಳು. ಓಡಿ ಹೋಗಿ ಅಪ್ಪಿಕೊಳ್ಳಬೇಕು ಅನಿಸಿತು, ಓಡಲು ಬಾರದು.

"ಹುಸೇನಬೀ, ನಾ ಮಹಾನಂದಾ. ಶಹಾಪುರದಾಕಿ. ಪೈಪ ಬಿದ್ದಿತ್ತಲ್ಲ, ನೀ ಎತ್ತಿ ಹಿಡದಿದ್ದಿ..."

ಆಕೆ ನನ್ನ ಮುಖ ನೋಡಿದಳು. ಕೋಲು ನೋಡಿದಳು. "ಯಾವ ಬೆಡ್ಡು?" ಅಂದಳು.

ಬೆಡ್ಡಿನ ನಂಬರು ಹೇಳಿದೆ. ಆಕೆ ಇಲ್ಲವೆಂದು ತಲೆಯಾಡಿಸಿದಳು. "ನೆನಪ ಬರವಲ್ದಮ್ಮ. ದಿನಾ ಎಷ್ಟೋ ಮಂದಿ ಬರ್ತಾರ. ಪೈಪ ಬೀಳ್ತಾವ, ಎತ್ತತೀವಿ. ಆರಾಮ ಆದಿಯಲ್ಲ, ಸಾಕು."

ನನ್ನ ಬದುಕಿನ ಅಷ್ಟು ದೊಡ್ಡ ಬೆಳಗು ಆಕೆಗೆ ನೆನಪೇ ಇಲ್ಲ. ಜಂಪರು ಕೊಟ್ಟೆ. ಆಕೆ ಸಂಕೋಚದಿಂದ ತೆಗೆದುಕೊಂಡು, ಅಂಚು ಮುಟ್ಟಿ ನೋಡಿ, "ಛಲೋ ಅದ" ಅಂದಳು. ಆಮೇಲೆ, ಜಾರಿದ್ದ ನನ್ನ ಸೆರಗನ್ನು ಎತ್ತಿ ಭುಜದ ಮೇಲೆ ಸರಿಯಾಗಿ ಹಾಕಿ, ಊಟ ಆಯಿತೇ ಎಂದು ಕೇಳಿದಳು. ಒಳಗಿನಿಂದ ಯಾರೋ ಕೂಗಿದರು. ಹೋಗಿಬಿಟ್ಟಳು.

ಬಸ್ ನಿಲ್ದಾಣದ ಕಟ್ಟೆಯ ಮೇಲೆ ಅತ್ತೆ ಚೀಲ ಕಾಯುತ್ತ ಕುಳಿತಿದ್ದರು. ಪಕ್ಕದಲ್ಲಿ ಕುಳಿತೆ.

"ಸಿಕ್ಕಳೇನು?"

"ಸಿಕ್ಕಳ್ರಿ. ನಾ ಯಾರಂತ ಅಕಿಗಿ ನೆನಪೇ ಇಲ್ಲ."

"ಮತ್ತ ಏನಂದ್ಳು?"

"ಊಟ ಆತೇನು ಅಂದ್ಳು."

ಅತ್ತೆ ಚೀಲದಿಂದ ರೊಟ್ಟಿಯ ಗಂಟು ತೆಗೆದು ನನ್ನ ಮಡಿಲಲ್ಲಿ ಇಟ್ಟರು.

"ಮತ್ತೇನ ಕೇಳಬೇಕವ್ವ ಅಕಿ?" ಅಂದರು. "ಉಣ್ಣು."